ಸಾಹೇಬರ ಮೇಲೊಂದು ದೂರು

ಅಥಣಿಯಲ್ಲಿ ಕೋರ್ಟಿನ ಎದುರು ತಗಡಿನ ಶೆಡ್ಡಿನೊಳಗೆ ಕೂತು ಅರ್ಜಿ ಟೈಪು ಮಾಡಿಕೊಡುವ ನನಗೆ ನಗುವಿಗಂತೂ ಬರವಿಲ್ಲ. ಅದರಲ್ಲೂ ವಕೀಲರ ಮೇಲೆಯೇ ದೂರು ಬರೆಸಲು ಯಾರಾದರೂ ಬಂದರೆ ಏನಾದರೊಂದು ಆಗಿಯೇ ತೀರುತ್ತದೆ. ಮಂಗಸೂಳಿ ಕಡೆಯ ಕುರಿಗಾರ ಕಾಕಾನದೇ ತಗೊಳ್ಳಿ.

೧. ಮರ್ಯಾದೆಯ ದೂರು

ಕುರಿ ಹೊಡೆದುಕೊಂಡು ಹೋಗುವ ಹಳೆಯ ದಾರಿಗೆ ದ್ರಾಕ್ಷಿ ತೋಟದವನು ತಂತಿ ಬೇಲಿ ಬಿಗಿದಿದ್ದ. ಕಾಕಾ ಕೇಸು ಹಾಕಿದ. ಎದುರಿನವರು ರಾಜಿಪತ್ರವೊಂದನ್ನು ತಂದರು. ಕಾಕಾನ ವಕೀಲರು, ಅವನ ಬಾಯಲ್ಲಿ 'ಸಾಹೇಬ್ರು', ಅದನ್ನು ಓದದೇ ಸಹಿ ಹಾಕಿ, ಅವನ ಹೆಬ್ಬೆಟ್ಟನ್ನೂ ಒತ್ತಿಸಿದರು. ಒಳಗಿದ್ದದ್ದು, ದಾರಿ ತನಗೆ ಬೇಡವೆಂದು ಕಾಕಾನೇ ಒಪ್ಪಿದ ಮಾತು! ಈಗ ಕುರಿಗಳು ಹಳ್ಳ ಸುತ್ತಿ ಹೋಗಬೇಕು.

"ಓದದೇ ಸಹಿ ಹಾಕಿ ಮೋಸ ಮಾಡಿದ್ದಾರೆ" ಎಂದು ಟೈಪು ಮಾಡಿದೆ. ಕಾಕಾ ತಡೆದ.

"ಮೋಸ ಅಂತ ಬ್ಯಾಡ್ರಿ. ಸಾಹೇಬ್ರ ಮನಸಿಗೆ ಹತ್ತತೈತಿ."

"ಮತ್ತ ಏನ ಬರೀಲಿ ಕಾಕಾ?"

"ಸಾಹೇಬ್ರಿಗೆ ಪುರಸೊತ್ತ ಕಮ್ಮಿ ಅಂತ ಬರೀರಿ. ಮೊದಲ ಅವರಿಗೊಂದ ನಮಸ್ಕಾರ ಹಾಕ್ರಿ."

ಅವನು ಹೇಳಿದಂತೆ ಬರೆದಿದ್ದರೆ ಅದನ್ನು ಚೌಕಟ್ಟು ಹಾಕಿಸಿ ಸಾಹೇಬರಿಗೆ ಸನ್ಮಾನ ಮಾಡಬಹುದಿತ್ತು. ನಾನು 'ಮೋಸ' ಎಂಬ ಪದವನ್ನು ಹಾಗೇ ಉಳಿಸಿಕೊಂಡೆ.

೨. ನಿನ್ನೆಯ ಸಿಕ್ಕಾ

ದೂರಿನ ಜೊತೆಗೆ ನೋಟರಿಯ ಸಹಿ ಮತ್ತು ಸಿಕ್ಕಾ, ಅಂದರೆ ಮೊಹರು, ಇರುವ ಅಫಿಡವಿಟ್ ಬೇಕು. ನಮ್ಮಲ್ಲಿ ನೋಟರಿಗಳೂ ವಕೀಲರೇ. ಮೊದಲನೆಯವರು ಎರಡು ಸಾಲು ಓದಿ, "ಅವರು ನಮ್ಮ ಬೀಗರಪಾ" ಅಂದರು. ಎರಡನೆಯವರು, "ದಿನಾ ಒಂದ ಗಾಡ್ಯಾಗ ಬರ್ತೀವಿ, ಹೆಂಗ ಮಾಡ್ಲಿ?" ಅಂದರು. ಮೂರನೆಯವರು ಸಿಕ್ಕಾ ಮನೆಯಲ್ಲೇ ಮರೆತು ಬಂದಿದ್ದರಂತೆ.

"ಟೇಬಲ್ ಮ್ಯಾಲ ಐತಲ್ರಿ!" ಅಂದ ಕಾಕಾ.

"ಅದು ನಿನ್ನೀದು."

ಕೋರ್ಟಿನೊಳಗೆ ದಿನವೂ ಒಬ್ಬರ ಮೇಲೊಬ್ಬರು ಹರಿಹಾಯುವ ಈ ಜನರಲ್ಲಿ ಇಷ್ಟು ಒಗ್ಗಟ್ಟಿದೆ ಎಂದು ಅವತ್ತೇ ಗೊತ್ತಾಯಿತು.

೩. ಯಾಂವ ಆ ನೋಟರಿ?

ನಾಲ್ಕು ದಿನ ಬಿಟ್ಟು ಕಾಕಾ ಹಲ್ಲು ಕಿರಿಯುತ್ತ ಬಂದ. ಕೈಯಲ್ಲಿ ಅದೇ ದೂರು. ಪುಟಪುಟಕ್ಕೂ ಸಹಿ, ಸಿಕ್ಕಾ.

"ಯಾವ ಪುಣ್ಯಾತ್ಮ ಮಾಡಿಕೊಟ್ಟ?"

"ನಮ್ಮ ಸಾಹೇಬ್ರೇ! ಅವರೂ ನೋಟರಿ ಅದಾರಲ್ರಿ."

ನಾನು ಟೈಪು ಮಾಡುವುದನ್ನು ನಿಲ್ಲಿಸಿದೆ. "ಅವರ ಮ್ಯಾಲಿನ ದೂರು ಅಂತ ಹೇಳಲಿಲ್ಲೇನು?"

"ಹೇಳೇನ್ರಿ. 'ನಿಮ್ಮ ಮ್ಯಾಲ ಬರಸೇನಿ, ಒಮ್ಮಿ ಓದ್ರಿ' ಅಂದ್ನಿ. ಫೋನಿನ್ಯಾಗ ಮಾತಾಡಾಕತ್ತಿದ್ರು. 'ಓದೂದೇನೈತಿ, ತಾ ಇಲ್ಲಿ' ಅಂತ ಒತ್ತೇ ಬಿಟ್ರು."

ಅವತ್ತೇ ಬೆಂಗಳೂರಿಗೆ, ವಕೀಲರ ಮೇಲಿನ ದೂರು ನೋಡುವವರಿಗೆ, ಪೋಸ್ಟ್ ಮಾಡಿದೆ.

ನೋಟಿಸು ಬಂದ ದಿನ ಸಾಹೇಬರು ದೂರಿನ ಪ್ರತಿ ಹಿಡಿದು ನನ್ನ ಶೆಡ್ಡಿಗೇ ನುಗ್ಗಿದರು. "ಇಂಥಾ ಕಾಗದಕ್ಕ ಸಿಕ್ಕಾ ಒತ್ತಿದ ನೋಟರಿ ಯಾಂವ? ಕಣ್ಣ ಮುಚ್ಚಿ ಸಹಿ ಮಾಡ್ಯಾನೇನು? ಅವನ ವಕೀಲಿ ಸನದಾನೇ ತೆಗಸ್ತೀನಿ!"

ನಾನು ಕೊನೆಯ ಪುಟ ತಿರುವಿ ಮುಂದೆ ಹಿಡಿದೆ.

ನನಗೆ ತಿಳಿದಂತೆ ಸಾಹೇಬರು ಪೂರ್ತಿ ಓದಿದ ಮೊದಲ ಕಾಗದ ಅದು. ಓದಿ, ಬೆವರು ಒರೆಸಿಕೊಂಡು, ಮೆತ್ತಗೆ ಅಂದರು:

"ಕಾಕಾನ್ನ ಕರಸ್ರಿ. ಆ ರಾಜಿ ಇವತ್ತ ರದ್ದ ಮಾಡಸೂನು."