ಮಾಸ್ತರನ್ನ ಕುಂಡ್ರಿಸ್ಯಾರ

ನಿದ್ದೆ ಬಾರದಿರುವುದು ಶಿಸ್ತಿಲ್ಲದವರ ರೋಗ ಎಂದು ನಾನು ಮೊದಲಿನಿಂದಲೂ ನಂಬಿದವನು. ಸಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸಿ ನಿವೃತ್ತನಾಗಿ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ ಮಾಡಿದ ಮೇಲೆ ಆ ರೋಗ ನನಗೇ ಬಂತು. ಸಂಧಿ ಪಾಠ ಶುರು ಮಾಡಿದರೆ ಹಿಂದಿನ ಬೆಂಚು ಪೂರ್ತಿ ಮಲಗುತ್ತಿತ್ತು. ಅಂಥ ಕಂಠಕ್ಕೆ ಈಗ ಒಬ್ಬ ಮುದುಕನನ್ನು ಮಲಗಿಸಲು ಆಗಲಿಲ್ಲ!

ಒಬ್ಬನೇ ಎಚ್ಚರ ಇರುವುದು ನನ್ನ ಸ್ವಭಾವವಲ್ಲ. ಹೆಂಡತಿ ಶಾಂತಾಳನ್ನು ಎಬ್ಬಿಸಿ, ನಿನಗಾದರೂ ನಿದ್ದೆ ಬಂತೇ ಎಂದು ವಿಚಾರಿಸುವುದನ್ನು ಗಂಡನ ಕರ್ತವ್ಯವೆಂದು ತಿಳಿದಿದ್ದೆ. ಬೇಸಿಗೆಯಿಂದ ತಡೆದುಕೊಂಡ ಅವಳು ಕಡೆಗೊಮ್ಮೆ ಹುನಗುಂದದಲ್ಲಿರುವ ತಮ್ಮ ಸಂಗಪ್ಪನಿಗೆ ಹೇಳಿ ಕಳಿಸಿದಳು: ಬರುವ ಸೋಮವಾರ ಬಂದು ನನ್ನನ್ನು ಕರಕೊಂಡು ಹೋಗು, ಈ ಮನುಷ್ಯ ಮಲಗಲು ಕಲಿತ ಮೇಲೆ ತಿರುಗಿ ಬರುತ್ತೇನೆ. ಅವಳಿಲ್ಲದಿದ್ದರೆ ಚಹಾಪುಡಿಯ ಡಬ್ಬಿ ಯಾವುದೆಂಬುದೂ ನನಗೆ ಗೊತ್ತಿಲ್ಲ.

ಕೂಡಲೇ ಚಿಕಿತ್ಸೆ! ವಯಸ್ಸಾದವರನ್ನು ಮನೆಗೇ ಬಂದು ನೋಡುವ ಡಾಕ್ಟರಮ್ಮ ಒಬ್ಬರು ಸಿಕ್ಕರು. ಗುಳಿಗೆ ಬೇಡ, ರೂಢಿ ಬದಲಿಸಿದರೆ ಸಾಕು ಎಂದರು. ಮಂಚ ಇರುವುದು ರಾತ್ರಿಯ ನಿದ್ದೆಗೆ ಮಾತ್ರ. ಅದರ ಮೇಲೆ ಪೇಪರ್ ಓದುವುದು, ಶೇಂಗಾ ತಿನ್ನುವುದು ಬಂದ್. ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಹೋಗಿ ಕೂಡಬೇಕು. ಹಗಲು ಎಷ್ಟೇ ತೂಕಡಿಕೆ ಬಂದರೂ ಮಲಗಕೂಡದು. ಹೋಗುವಾಗ, ಸಾವಕಾಶವಾಗಿ ರೂಢಿ ಮಾಡಿಕೊಳ್ಳಿ ಎಂದೂ ಹೇಳಿದರು. ಸಾವಕಾಶ ನನ್ನ ಜಾಯಮಾನದಲ್ಲಿಲ್ಲ. ಅವರು ಗೇಟು ದಾಟುವುದರೊಳಗೆ ಮಂಚವನ್ನು ಎತ್ತಿ ಗೋಡೆಗೆ ನಿಲ್ಲಿಸಿದ್ದೆ.

ವಾರವಿಡೀ ನಾನು ಪಡಸಾಲೆಯಲ್ಲೇ ಕೂತೆ. ನಿದ್ದೆ ಅತ್ತ ಹಾಯಲಿಲ್ಲ, ಆದರೆ ನಿಯಮ ಒಂದೂ ತಪ್ಪಲಿಲ್ಲ. ಪರೀಕ್ಷೆಯಲ್ಲಿ ಇದಕ್ಕೂ ಅಂಕ ಇರುತ್ತದೆ. ಹೀಗಾಗಿ ಸೋಮವಾರ ಬೆಳಗಾಗುತ್ತಲೇ ನನ್ನನ್ನು ನಾನೇ ಪಾಸು ಮಾಡಿಕೊಂಡು, ಸಂಗಪ್ಪನ ಬರುವಿಕೆಯನ್ನು ರದ್ದುಪಡಿಸಲು ನಿರ್ಧರಿಸಿದೆ.

ಮೊಬೈಲು ಇನ್ನೂ ಶ್ರೀಮಂತರ ಕಿಸೆಯಲ್ಲಷ್ಟೇ ಇದ್ದ ಕಾಲ. ನಮ್ಮ ಮನೆಯ ಫೋನು ಕೆಟ್ಟಿತ್ತು. ಎದುರು ಮನೆಯ ಬಸಣ್ಣನಿಗೆ ನಿಮ್ಮ ಫೋನಿನಿಂದ ಸಂಗಪ್ಪನಿಗೆ ಸುದ್ದಿ ಮುಟ್ಟಿಸು ಎಂದೆ. ಬಸಣ್ಣನದು ಹುಟ್ಟಾ ಅಳುವ ದನಿ. ಮಗ ಪಾಸಾದ ಸುದ್ದಿ ಹೇಳಿದಾಗಲೂ ಓಣಿಯವರು ಅವನಿಗೆ ಧೈರ್ಯ ಹೇಳಿದ್ದರು. ಕಡಿಮೆ ಮಾತಿನಲ್ಲಿ ಹೆಚ್ಚು ಅರ್ಥ ಬರುವಂತೆ ನಾನೇ ಉಕ್ತಲೇಖನ ಕೊಟ್ಟೆ:

"ಮಾಸ್ತರನ್ನ ಮಂಚದಿಂದ ಇಳಿಸ್ಯಾರ. ಈಗ ಪಡಸಾಲ್ಯಾಗ ಗ್ವಾಡಿಗೆ ಕುಂಡ್ರಿಸ್ಯಾರ. ಇನ್ನ ಅಕ್ಕಗ ಅವರ ತ್ರಾಸ ಇಲ್ಲ."

ನಮ್ಮ ಜನದಲ್ಲಿ ಶಿವನ ಪಾದ ಸೇರಿದವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂಡ್ರಿಸುತ್ತೇವೆ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಆದರೆ ವ್ಯಾಕರಣ ಶುದ್ಧವಿದ್ದ ಮೇಲೆ ಅರ್ಥ ಎಲ್ಲಿಗೆ ಹೋದೀತು ಎಂದು ನಾನು ನಿಶ್ಚಿಂತನಾಗಿದ್ದೆ.

ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಧರಿಸಿ, ಬಿಳಿ ಧೋತರ ಉಟ್ಟು, ಪೂಜೆಗೆಂದು ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತೆ. ಕಣ್ಣು ಮುಚ್ಚಿದ್ದೊಂದೇ ಗೊತ್ತು.

ಕೊರಳಿಗೆ ಏನೋ ತಣ್ಣಗೆ ತಾಗಿ ಎಚ್ಚರವಾಯಿತು. ಚೆಂಡುಹೂವಿನ ವಾಸನೆ. ಸುತ್ತಲೂ ಹೆಂಗಸರ ಅಳು. ನಡುವೆ ಸಂಗಪ್ಪನ ದನಿ: ಮಾವನಂಥ ಶಿಸ್ತಿನ ಮನುಷ್ಯ ಇಡೀ ಜಿಲ್ಲೆಯಲ್ಲಿ ಸಿಗುವುದಿಲ್ಲವಂತೆ. ಸತ್ತದ್ದು ಯಾರೆಂದು ನನಗೆ ಆಗ ಹೊಳೆಯಿತು. ಆದರೆ ಸೋದರಳಿಯರು, ಬೀಗರು ಎಲ್ಲ ಸರದಿಯ ಮೇಲೆ ಹೊಗಳುತ್ತಿರುವಾಗ ಕಣ್ಣು ತೆರೆಯುವಷ್ಟು ದಡ್ಡ ನಾನಲ್ಲ. ನಿದ್ದೆ ಮಾಡಿದಂತೆಯೇ ಕೂತಿದ್ದಾರೆ ನೋಡಿ ಎಂದು ಸಂಗಪ್ಪನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಶಾಂತಾಳನ್ನು ಹುಡುಕುತ್ತ ಒಳಗೆ ಹೋಗಿ, ದುಃಖಕ್ಕೆ ಎಚ್ಚರ ತಪ್ಪಿ ಬಿದ್ದಿದ್ದಾಳೆ ಎಂದು ಓಡಿ ಬಂದಳು. ಸಂಗಪ್ಪ ತಾನೇ ಹೋಗಿ ನೋಡಿ ಬಂದ.

"ಎಚ್ಚರ ತಪ್ಪಿಲ್ಲ, ಗೊರಕಿ ಹೊಡಿಯಾಕತ್ತಾಳ. ಯಾರೂ ಎಬ್ಬಿಸಬ್ಯಾಡ್ರಿ. ಬ್ಯಾಸಗಿಯಿಂದ ನಿದ್ದಿಲ್ಲ ಪಾಪ. ಇನ್ನರ ಅಕ್ಕ ನೆಮ್ಮದಿಲೆ ಮಲಗಲಿ."

ಅಳುತ್ತಿದ್ದವರೆಲ್ಲ ಹೌದು ಹೌದು ಎಂದರು. ಒಬ್ಬರೂ ಇಲ್ಲ ಎನ್ನಲಿಲ್ಲ! ಖರೆ ಹೇಳುತ್ತೇನೆ, ನನಗೆ ಭಾಳ ನೋವಾಯಿತು. ಕಣ್ಣು ತೆರೆದು, "ಸಂಗಪ್ಪಾ, ಬರಬ್ಯಾಡ ಅಂತ ಹೇಳಿ ಕಳಿಸಿದ್ದೆನಲ್ಲೋ" ಎಂದೆ.

ಪಡಸಾಲೆ ಒಂದೇ ಏಟಿಗೆ ಖಾಲಿಯಾಯಿತು. ಧೈರ್ಯ ಮಾಡಿ ತಿರುಗಿ ಬಂದವರು ಬಸಣ್ಣನನ್ನು ಹಿಡಿದರು. ಬಸಣ್ಣ ನನ್ನನ್ನು ತೋರಿಸಿದ. ಈ ಗದ್ದಲಕ್ಕೆ ಶಾಂತಾ ಎದ್ದು, ಕಣ್ಣುಜ್ಜುತ್ತ ಹೊರಬಂದಳು. ನಾನು ಹಾರ ಸರಿಪಡಿಸಿಕೊಂಡು, ಚಿಕಿತ್ಸೆ ಫಲಿಸಿದೆ, ಮಂದಿ ಬಂದು ಅತ್ತರೂ ಏಳದಂಥ ನಿದ್ದೆ ಬಂದಿತ್ತು, ಇನ್ನು ನೀನು ಹೋಗುವ ಕಾರಣವೇ ಇಲ್ಲ ಎಂದು ವಿವರಿಸಿದೆ. ಅವಳು ನನ್ನನ್ನು ನೋಡಿದಳು. ಬಾಗಿಲಲ್ಲಿ ನಿಂತ ಟೆಂಪೊವನ್ನು ನೋಡಿದಳು.

"ಸಂಗಪ್ಪಾ, ಹೆಂಗೂ ಬಂದೀರಿ. ಗಾಡ್ಯಾಗ ನನಗೊಂದೀಟು ಜಾಗಾ ಮಾಡು. ಅರ್ಧಾ ನಿದ್ದಿ ಆಗೇತಿ, ಉಳಿದದ್ದು ಅಲ್ಲೇ ಮಾಡ್ತೇನಿ."

ಹೆಣವನ್ನು ಮನೆಯಲ್ಲೇ ಬಿಟ್ಟು ಮಂದಿಯೆಲ್ಲ ಟೆಂಪೊ ಹತ್ತಿ ಹೋದದ್ದು ನಮ್ಮ ಮನೆತನದಲ್ಲಿ ಅದೇ ಮೊದಲು.