ಮೂರು ಬಂದೂಕು, ಒಂದೇ ಮಡಿ

ಇಡೀ ಟೆಕ್ಸಾಸಿನಲ್ಲಿ ಇವತ್ತು ಮಡಿ ಅನ್ನುವುದು ಉಳಿದಿದ್ದರೆ ಅದು ಎರಡೇ ಕಡೆ. ಒಂದು, ಕಾಪೆಲ್‌ನಲ್ಲಿರುವ ನಮ್ಮ ಅತ್ತೆಯ ಅಡುಗೆಮನೆ. ಇನ್ನೊಂದು, ಡ್ಯಾಲಸ್ ದಾಟಿ ಹೋದರೆ ಸಿಗುವ ಬಂದೂಕು ಪಂದ್ಯದ ಬಯಲು! ನಗಬೇಡಿ, ಇದು ನನ್ನ ಮಾತಲ್ಲ, ಅತ್ತೆಯದು. ಎದುರು ಹೇಳುವ ಧೈರ್ಯ ಇದ್ದವರು ಮುಂದೆ ಬರಬಹುದಿತ್ತು. ಅತ್ತೆಯ ಹತ್ತಿರ ಪಿಸ್ತೂಲು, ರೈಫಲ್ಲು, ಶಾಟ್‌ಗನ್ನು ಮೂರೂ ಇದ್ದ ಕಾಲದಲ್ಲಿ ಯಾರೂ ಬರಲಿಲ್ಲ.

ಅತ್ತೆ, ಬಂದೂಕು ಎರಡನ್ನೂ ಒಂದೇ ವಾಕ್ಯದಲ್ಲಿ ಓದಿದ ಸೊಸೆಯಂದಿರು ಎದೆ ಹಿಡಿದುಕೊಳ್ಳಬೇಕಿಲ್ಲ. ಇವರು ಗಂಡನ ತಾಯಿಯಲ್ಲ, ನಮ್ಮಪ್ಪನ ತಂಗಿ. ವಯಸ್ಸು ಅರವತ್ತು ದಾಟಿದೆ, ಎಷ್ಟು ದಾಟಿದೆ ಅಂತ ಕೇಳುವ ಹಾಗಿಲ್ಲ. ಚೂಡಿದಾರದ ಮೇಲೆ ಅಂಗೈ ಅಗಲದ ಬೆಲ್ಟು, ತುರುಬಿನ ಮೇಲೆ ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನು, ಕಣ್ಣಿಗೆ ಹಳದಿ ಗಾಜು. ಹೀಗೆ ಹೊರಟರೆ ಬೀದಿಯ ನಾಯಿಗಳೂ ಶಿಸ್ತಾಗಿ ಕೂರುತ್ತವೆ.

ಹೇಗೆ ಶುರುವಾಯಿತು ಅಂತೀರಾ? ಚಿತ್ರಾನ್ನದಿಂದ! ಮಾವ ತೀರಿಕೊಂಡ ಮೇಲೆ ಅತ್ತೆ ಒಬ್ಬರೇ ಕೂತು ಕೊರಗಬಾರದೆಂದು ಪಕ್ಕದ ಮನೆಯ ಅಮೆರಿಕನ್ ಹೆಂಗಸು ಒಂದು ಶನಿವಾರ ಅವರನ್ನು ಪಂದ್ಯ ನೋಡಲು ಕರೆದುಕೊಂಡು ಹೋದಳು. ಬರಿಗೈಯಲ್ಲಿ ಹೋಗುವ ಪೈಕಿಯೇ ನಮ್ಮ ಅತ್ತೆ? ಡಬ್ಬಿ ತುಂಬ ಚಿತ್ರಾನ್ನ ಕಲಸಿಕೊಂಡು ಹೋದರು. ಆಗಷ್ಟೇ ಗುಂಡು ಹಾರಿಸಿ ಬಂದ ದಾಡಿಯವನೊಬ್ಬನಿಗೆ ಡಬ್ಬಿ ಚಾಚಿದರೆ ಅವನು ಹಾವು ಕಂಡವನಂತೆ ಹಿಂದಕ್ಕೆ ಹಾರಿದನಂತೆ. "ಹತ್ತಿರ ತರಬೇಡಿ ಮ್ಯಾಮ್! ಗುಂಡಿನ ಸೀಸ ಕೈಗೆ ಮೆತ್ತಿರುತ್ತೆ. ತಣ್ಣೀರಲ್ಲಿ ತೊಳೆಯದೆ ನಾವು ಏನೂ ಮುಟ್ಟಲ್ಲ" ಅಂದನಂತೆ.

ಅತ್ತೆ ಮನೆಗೆ ಬಂದವರೇ ಪ್ಲೇನೋದಲ್ಲಿರುವ ನನಗೆ ಫೋನ್ ಮಾಡಿದರು. "ಕೇಳಿದ್ಯೇನೇ? ಈ ದೇಶಕ್ಕೆ ಬಂದು ಇಷ್ಟು ವರ್ಷ ಆಯ್ತು. ಮುಟ್ಟಬೇಡಿ, ಕೈ ತೊಳ್ಕೊಂಡು ಬರ್ತೀನಿ ಅಂತ ತಾನಾಗೇ ಹೇಳಿದ ಮೊದಲನೇ ಗಂಡಸು ಕಣೇ! ನಿಮ್ಮ ಮಾವ ಕೂಡ ಹೇಳಿರ್ಲಿಲ್ಲ!"

ಮುಂದಿನ ತಿಂಗಳೇ ಅತ್ತೆ ತರಬೇತಿಗೆ ಸೇರಿದರು.

ಈ ಪಂದ್ಯ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಸರದಿ ಬಂದವರು ಮೂರು ಬಂದೂಕುಗಳನ್ನು ಬದಲಿಸುತ್ತಾ, ಜಾಗದಿಂದ ಜಾಗಕ್ಕೆ ಓಡುತ್ತಾ, ಕಾಗದದ ಮತ್ತು ಕಬ್ಬಿಣದ ಟಾರ್ಗೆಟ್‌ಗಳಿಗೆ ಹೊಡೆಯಬೇಕು. ಹಿಂದೆಯೇ ಟೈಮರ್ ಹಿಡಿದು ರೇಂಜ್ ಆಫೀಸರ್ ಬರುತ್ತಾನೆ. ಅವನೇ ಅಲ್ಲಿಯ ಅಂಪೈರ್. ಹಿಡಿದ ಸಮಯವೇ ಅಂಕ. ಗುರಿ ತಪ್ಪಿದರೆ ಅದಕ್ಕೆ ದಂಡದ ಸೆಕೆಂಡುಗಳು ಸೇರುತ್ತವೆ, ಕಡಿಮೆ ಸಮಯದವರು ಗೆಲ್ಲುತ್ತಾರೆ. ಆದರೆ ಗುರಿ ತಪ್ಪುವುದು ಬೇರೆ, ಸುರಕ್ಷತೆ ತಪ್ಪುವುದು ಬೇರೆ. ಬಂದೂಕಿನ ಮೂತಿ ಎದುರಿನ ಮಣ್ಣುದಿಬ್ಬದ ಕಡೆ ಬಿಟ್ಟು ಹಿಂದಕ್ಕೆ ತಿರುಗಿತೋ, ಓಡುವಾಗ ಬೆರಳು ಟ್ರಿಗರ್ ಮೇಲೆ ಹೋಯಿತೋ, ಮುಗಿಯಿತು! ಡಿಕ್ಯೂ. ಅಂದರೆ ಅನರ್ಹ. ಅವತ್ತಿನ ಅಂಕವೆಲ್ಲ ರದ್ದು, ಬಂದೂಕು ಚೀಲಕ್ಕೆ.

ಅಪ್ಪಣೆಯಿಲ್ಲದೆ ಚೀಲದಿಂದ ಬಂದೂಕು ತೆಗೆಯುವಂತೆಯೂ ಇಲ್ಲ. ಅದಕ್ಕೆಂದೇ ಒಂದು ಮೇಜಿದೆ. ಅಲ್ಲಿ ಬಂದೂಕು ಮುಟ್ಟಬಹುದು, ಆದರೆ ಗುಂಡು ಮುಟ್ಟುವಂತಿಲ್ಲ. ಇದನ್ನು ಕೇಳಿದ ದಿನ ಅತ್ತೆಯ ಕಣ್ಣಲ್ಲಿ ಆನಂದಬಾಷ್ಪ. "ಥೇಟ್ ಮುಸುರೆ ಕಣೇ! ಅನ್ನ ಮುಟ್ಟಿದ ಕೈಲಿ ತುಪ್ಪದ ಗಿಂಡಿ ಮುಟ್ಟಬೇಡಿ ಅಂತ ನಾನು ಬಡ್ಕೊಂಡ್ರೆ ನೀವೆಲ್ಲ ಹಲ್ಲು ಕಿರೀತೀರಿ. ಅಲ್ಲಿ ಆರಾರು ಅಡಿ ಗಂಡಸರು ತಲೆ ತಗ್ಗಿಸಿ ಪಾಲಿಸ್ತಾರೆ!"

ಇದಾದ ಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ಮೂತಿ ಹಿಂದಕ್ಕೆ ತಿರುಗದಂತೆ ಅಭ್ಯಾಸವಾಗಬೇಕಲ್ಲ, ಅತ್ತೆ ಸಾರಿನ ಸೌಟನ್ನೇ ಬಂದೂಕು ಮಾಡಿಕೊಂಡರು. ಸೌಟು ಹಿಡಿದು ಅಡುಗೆಮನೆಯಿಂದ ಹೊರಟರೆ ಎದುರಿಗಿದ್ದವರಿಗೆ ಮಾತ್ರ ಸಾರು. ಬೆನ್ನ ಹಿಂದೆ ಕೂತವರು "ಅತ್ತೇ, ಇಲ್ಲಿ" ಅಂತ ಗೋಗರೆದರೂ ಸೌಟು ತಿರುಗುತ್ತಿರಲಿಲ್ಲ. ನಾನು ಮೂರು ಭಾನುವಾರ ಬರೀ ಅನ್ನ, ಉಪ್ಪಿನಕಾಯಿ ತಿಂದು ಕೊನೆಗೆ ಜಾಗ ಬದಲಿಸಿದೆ.

ಯುಗಾದಿ ಊಟದ ಕಥೆ ಇನ್ನೂ ಚಂದ. ಬಾಳೆಲೆ ಹಾಕಿ ನಮ್ಮನ್ನೆಲ್ಲ ಕೂರಿಸಿ ಅತ್ತೆ ಟೈಮರ್ ಹಿಡಿದು ನಿಂತರು. "ಆರ್ ಯು ರೆಡಿ? ಸ್ಟ್ಯಾಂಡ್ ಬೈ!" ಬೀಪ್ ಅಂದ ಮೇಲೇ ಕೈ ಎಲೆಗೆ ಇಳಿಯಬೇಕು. ಪಂದ್ಯದಲ್ಲಿ ಕೊನೆಗೆ ರೇಂಜ್ ಆಫೀಸರ್ "ಮುಗಿದಿದ್ದರೆ ಖಾಲಿ ಮಾಡಿ ತೋರಿಸಿ, ಶೋ ಕ್ಲಿಯರ್" ಅನ್ನುತ್ತಾನೆ, ಬಂದೂಕಿನಲ್ಲಿ ಗುಂಡು ಉಳಿದಿಲ್ಲ ಎಂದು ಕಣ್ಣಾರೆ ನೋಡಬೇಕಲ್ಲ, ಅದಕ್ಕೆ. ಅತ್ತೆ ಅದನ್ನು ಎಲೆಗೂ ಅನ್ವಯಿಸಿದರು. ಕನ್ನಡದಲ್ಲಿ ಹತ್ತು ಸಲ ಹೇಳಿದರೂ ಪಲ್ಯ ಮುಟ್ಟದ ಮಕ್ಕಳು "ಶೋ ಕ್ಲಿಯರ್" ಅಂದ ಕೂಡಲೇ ಎಲೆ ಬಳಿದು ತೋರಿಸಿದವು! ಹಾಗಲಕಾಯಿ ಗೊಜ್ಜನ್ನು ಎಲೆಯ ಅಂಚಿನಡಿ ಬಚ್ಚಿಟ್ಟ ಅಂಕಲ್ ಒಬ್ಬರು ಡಿಕ್ಯೂ ಆಗಿ, ಅವರ ಹೋಳಿಗೆ ರದ್ದಾಯಿತು. ಅವರ ಹೆಂಡತಿ ಅತ್ತೆಯ ಕೈ ಹಿಡಿದುಕೊಂಡು, "ನಮ್ಮನೆಗೂ ಒಂದ್ಸಲ ಬನ್ನಿ ಆಂಟಿ" ಎಂದು ಬೇಡಿಕೊಂಡರು.

ಇಂಥ ಅತ್ತೆಯ ಬಗ್ಗೆ ನಮ್ಮ ಜನ ಸುಮ್ಮನಿರುತ್ತಾರೆಯೇ? "ಈ ವಯಸ್ಸಲ್ಲಿ ಭಜನೆ ಮಾಡ್ಕೊಂಡಿರಬಾರದಾ?" ಅಂತ ಕೇಳುವವರು ದಂಡಿಯಾಗಿದ್ದಾರೆ. ಮಾಡುತ್ತಾರಲ್ಲ, ಭಾನುವಾರ ಸಂಜೆ! ಪಂದ್ಯ ಇರುವುದು ಶನಿವಾರ. ಬೇರೆಯವರು ಮೂಗು ಮುರಿದರೆ ಮುರಿಯಲಿ, ನಾನು ಮಾತ್ರ ಅತ್ತೆಯ ಪರವಾಗಿ ಜಗಳಕ್ಕೆ ನಿಲ್ಲುವವಳು. ಅದಕ್ಕೆ ಕಾರಣವಿದೆ.

ಹ್ಯೂಸ್ಟನ್‌ನಲ್ಲಿ ಯಾರದೋ ನಾಮಕರಣ ಮುಗಿಸಿಕೊಂಡು ನಾವೊಂದಷ್ಟು ಜನ ನಮ್ಮವರ ಅಂಗಡಿಗಳೇ ತುಂಬಿದ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನ ಹೋಟೆಲೊಂದರಲ್ಲಿ ದೋಸೆಗೆ ಕೂತಿದ್ದೆವು. ನನ್ನ ಡೈವೋರ್ಸ್ ಆದ ಹೊಸತು. ಎದುರಿಗಿದ್ದ ಆಂಟಿ ಚಟ್ನಿ ಬಡಿಸಿಕೊಳ್ಳುತ್ತಾ ಇಡೀ ಹೋಟೆಲಿಗೆ ಕೇಳುವಂತೆ, "ಗಂಡನ್ನ ಯಾಕಮ್ಮ ಬಿಟ್ಟೆ? ಸ್ವಲ್ಪ ಅಡ್ಜಸ್ಟ್ ಮಾಡ್ಕೋಬಹುದಿತ್ತಲ್ಲ?" ಎಂದರು.

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು. "ಏನ್ರೀ, ಆ ಹುಡುಗಿ ನೋ-ಶೂಟ್."

"ಹಾಗಂದ್ರೆ?"

"ನಮ್ಮ ಪಂದ್ಯದಲ್ಲಿ ಟಾರ್ಗೆಟ್‌ಗಳ ಮಧ್ಯ ಬಿಳೀದೊಂದು ನಿಲ್ಸಿರ್ತಾರೆ. ಅದಕ್ಕೆ ಹೊಡೆಯೋ ಹಾಗಿಲ್ಲ. ಅಡ್ಡ ಬಂತು, ಕೈ ಜಾರ್ತು ಅಂತೆಲ್ಲ ಹೇಳೋ ಹಾಗೂ ಇಲ್ಲ. ಹೊಡೆದ್ರೆ ದಂಡ ಬೀಳತ್ತೆ."

"ನನಗೇನು ದಂಡ ಹಾಕ್ತೀರಿ ನೀವು?"

"ನಿಮ್ಮ ಮಗನ ವಿಷಯ ನಾನು ಕೇಳ್ತೀನಿ."

ಆಂಟಿಗೆ ತಕ್ಷಣ ಚಟ್ನಿಯಲ್ಲಿ ಉಪ್ಪು ಕಡಿಮೆಯಾಗಿದ್ದು ಗೊತ್ತಾಯಿತು! ಮಾಣಿಯನ್ನು ಕರೆದು ಅದರ ಬಗ್ಗೆಯೇ ಮಾತಾಡತೊಡಗಿದರು. ನಾನು ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಮನಸಾರೆ ಅತ್ತೆ. ಇಲ್ಲಿ ಅತ್ತೆ ಅಂದರೆ ಅಳುವುದು. ಅಪ್ಪ ಅಮ್ಮ ಕೂಡ ನನ್ನ ಪರವಾಗಿ ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ.

ಹಾಗೆಂದು ಬಂದೂಕೆಂದರೆ ನನಗೇನೂ ಪ್ರೀತಿಯಿಲ್ಲ. ಈ ನಾಡಿನಲ್ಲಿ ಟಿವಿ ಹಾಕಿದರೆ ಯಾವ ಸುದ್ದಿ ಬರುತ್ತದೋ ಎಂದು ಹೆದರುವವಳು ನಾನು. ಒಮ್ಮೆ ಅತ್ತೆಗೆ ಹಾಗೆಂದು ಹೇಳಿಯೂ ಬಿಟ್ಟೆ. ಅವರು ಬಯ್ಯಲಿಲ್ಲ. "ನಂಗೂ ಭಯಾನೇ ಕಣೇ. ಭಯ ಇಲ್ಲದೋರು ಅದನ್ನ ಮುಟ್ಟಲೇಬಾರದು. ನಿಯಮ ಇರೋ ಕಡೆ ಮಾತ್ರ ನಾನು ಹೋಗೋದು" ಎಂದರು.

ಹೀಗೆ ಎಲ್ಲ ಸರಿಯಾಗಿದ್ದಾಗ ಅತ್ತೆಯ ಬಲಗೈ ನಡುಗಲು ಶುರುವಾಯಿತು. ಮೊದಲು ಕಾಫಿ ಲೋಟದಲ್ಲಿ ಕಂಡಿತು, ಆಮೇಲೆ ರಂಗೋಲಿಯ ಎಳೆಯಲ್ಲಿ. ಡಾಕ್ಟರು ಪ್ರಾಣಕ್ಕೇನೂ ತೊಂದರೆಯಿಲ್ಲ, ಆದರೆ ಹೆಚ್ಚುತ್ತಾ ಹೋಗುತ್ತದೆ ಎಂದರು. ಆಸ್ಟಿನ್‌ನಲ್ಲಿರುವ ಅತ್ತೆಯ ಮಗ ಓಡಿ ಬಂದ. ಇಲ್ಲೇ ಹುಟ್ಟಿ ಬೆಳೆದವನು; ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವನದು ಇಂಗ್ಲಿಷಿನಲ್ಲೇ ಉತ್ತರ. ಸಾಕಮ್ಮ, ಮೂರನ್ನೂ ಮಾರಿಬಿಡು ಎಂದು ಹಟ ಹಿಡಿದ.

"ಇಷ್ಟು ವರ್ಷದಲ್ಲಿ ನಾನು ಒಂದು ಸಲ ಆದ್ರೂ ಡಿಕ್ಯೂ ಆಗಿದ್ದೀನೇನೋ?" ಅತ್ತೆ ಕೇಳಿದರು.

"ನೋ," ಎಂದ.

"ಆದ ದಿನ ಮೂರನ್ನೂ ಮಾರ್ತೀನಿ. ಆವತ್ತಿನವರೆಗೂ ನೀನಲ್ಲ, ಆ ಡಾಕ್ಟರಲ್ಲ, ಯಾರೂ ತುಟಿ ಪಿಟಿಕ್ ಅನ್ನೋ ಹಾಗಿಲ್ಲ. ಸರೀನಾ?"

ಅವನು ಸಿಟ್ಟಿನಿಂದಲೇ ಒಪ್ಪಿಕೊಂಡ. ಆದರೆ ಪ್ರತಿ ಶನಿವಾರ ಮಧ್ಯಾಹ್ನ ತಪ್ಪದೆ ಫೋನ್ ಮಾಡಿ "ಸ್ಕೋರ್?" ಎಂದು ಕೇಳತೊಡಗಿದ. ಅವನಿಗೆ ಬೇಕಾಗಿದ್ದ ಎರಡಕ್ಷರ ಯಾವುದೆಂದು ನಮಗೆಲ್ಲ ಗೊತ್ತಿತ್ತು. ಅತ್ತೆಯೂ ಬಿಟ್ಟುಕೊಡಲಿಲ್ಲ. ನಡುಗುವ ಕೈಯಲ್ಲಿ ಬೇಗ ಹೊಡೆಯಲಾಗದು, ನಿಧಾನವಾಗಿ ಹೊಡೆದರು. ಪಟ್ಟಿಯಲ್ಲಿ ಕೊನೆಯ ಹೆಸರು ಅವರದೇ. ಆದರೂ ಡಿಕ್ಯೂ ಇಲ್ಲ! "ಕೊನೇಲಿ ಬರೋಕೂ ಪೂರ್ತಿ ಆಡಬೇಕು ಕಣೋ" ಎಂದು ಮಗನಿಗೆ ಹೇಳಿ ಫೋನ್ ಇಡುತ್ತಿದ್ದರು.

ಕಳೆದ ವಸಂತದ ಒಂದು ಶನಿವಾರ ಡ್ರೈವ್ ಮಾಡಿಕೊಂಡು ಹೋದವಳು ನಾನೇ. ಅವತ್ತು ರೇಂಜ್ ಆಫೀಸರ್ ಆಗಿದ್ದವನು ಹಿಂದೆ ಚಿತ್ರಾನ್ನ ಕಂಡು ಹಾರಿದ್ದ ಅದೇ ದಾಡಿಯವನು. ಅತ್ತೆ ರೈಫಲ್ ಮುಗಿಸಿ, ಬಳಸಿದ ಬಂದೂಕು ಇಡುವ ಡ್ರಮ್ಮಿನೊಳಗೆ ಇಳಿಸಿದರು. ಶಾಟ್‌ಗನ್ ಮುಗಿಸಿದರು. ಒಂದು ಗುರಿಯೂ ತಪ್ಪಿರಲಿಲ್ಲ. ನಾನು ಹಿಂದೆ ಗೆರೆಯಾಚೆ ನಿಂತು ಕುಣಿಯುತ್ತಿದ್ದೆ. ಪಿಸ್ತೂಲು ಹಿಡಿದು ಎಡಗಡೆ ಹಲಗೆಗೋಡೆಯಲ್ಲಿ ಗುರಿಯಿಡಲು ಕೊರೆದ ಕೊನೆಯ ಕಿಟಕಿಯತ್ತ ಹೊರಟವರು ಅರ್ಧ ದಾರಿಯಲ್ಲಿ ನಿಂತುಬಿಟ್ಟರು.

ಮೂತಿ ದಿಬ್ಬದ ಕಡೆಗೇ ಇತ್ತು. ಮೆಲ್ಲಗೆ ಪಿಸ್ತೂಲು ಖಾಲಿ ಮಾಡಿದರು, ದಾಡಿಯವನಿಗೆ ತೋರಿಸಿದರು, ಸೊಂಟಕ್ಕೆ ಸಿಕ್ಕಿಸಿಕೊಂಡರು. "ಡಿಕ್ಯೂ" ಎಂದರು.

"ಯಾಕೆ ಮ್ಯಾಮ್?" ಅವನು ಗಾಬರಿಯಾದ.

"ನಡೆಯುವಾಗ ಕೈ ನಡುಗಿ ಬೆರಳು ಟ್ರಿಗರ್ ಒಳಗೆ ಹೋಯಿತು."

"ನಾನು ನೋಡಲಿಲ್ಲ. ನೋಡದೇ ಇದ್ದದ್ದಕ್ಕೆ ನಾನು ಡಿಕ್ಯೂ ಕೊಡಲಾರೆ."

"ನಾನು ನೋಡಿದೆ," ಎಂದರು ಅತ್ತೆ. ಅವರಿಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲಿ, ಆದರೆ ಆ ಮಾತು ನನಗೆ ಅಚ್ಚ ಮೈಸೂರು ಕನ್ನಡವಾಗಿ ಕೇಳಿಸಿತು.

ನಾನು ಕೂಗಾಡಿದೆ. ಯಾರೂ ನೋಡಿಲ್ಲ ಅತ್ತೆ, ಇದೇನು ಹುಚ್ಚು, ಅವನೇ ಬೇಡ ಅಂತಿದ್ದಾನಲ್ಲ! ಅತ್ತೆ ನನ್ನತ್ತ ತಿರುಗಿದರು. "ಯಾರಾದ್ರೂ ನೋಡ್ತಿದ್ದಾರೆ ಅಂತ ಮಡಿ ಮಾಡ್ತೀನೇನೇ ನಾನು?" ಎಂದವರೇ ತೂತಾದ ಕಾಗದದ ಟಾರ್ಗೆಟ್‌ಗಳಿಗೆ ತೇಪೆ ಅಂಟಿಸಲು ಹೊರಟರು. ಅನರ್ಹರಾದವರು ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಕೊನೆಯ ಸ್ಪರ್ಧಿಯ ಆಟ ಮುಗಿಯುವವರೆಗೂ ತೇಪೆ ಹಾಕಿದರು. ದಾಡಿಯವನು ಬಂದು ಟೋಪಿ ತೆಗೆದು ನಿಂತಾಗ, "ಮುಂದಿನ ತಿಂಗಳಿಂದ ನಿನ್ನ ಟೈಮರ್ ನನಗೆ ಕೊಡು. ಅದನ್ನು ಹಿಡಿಯುವ ಕೈ ನಡುಗಿದರೆ ಯಾರಿಗೂ ಅಪಾಯವಿಲ್ಲ" ಎಂದರು. ಅವನು ತಲೆಯಾಡಿಸಿದ.

ವಾಪಸ್ ಬರುವಾಗ ಕಾರಿನಲ್ಲಿ ಫೋನ್ ಬಂತು. ನಾನು ಸ್ಪೀಕರಿಗೆ ಹಾಕಿದೆ.

"ಸ್ಕೋರ್?"

"ಡಿಕ್ಯೂ ಕಣೋ," ಎಂದರು ಅತ್ತೆ.

ಇಷ್ಟು ದಿನ ಕಾದದ್ದು ಅವನಿಗೆ ಸಿಕ್ಕಿತಲ್ಲ, ಈಗ ಏನೆನ್ನುತ್ತಾನೋ ಅನ್ನಲಿ, ನಾನು ಸರಿಯಾಗಿ ಉತ್ತರ ಕೊಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಆಸ್ಟಿನ್‌ನಿಂದ ಕನ್ನಡದಲ್ಲಿ, ತಡವರಿಸಿಕೊಂಡು ಒಂದು ದನಿ ಬಂತು.

"ಯಾರಮ್ಮ ಕೊಟ್ಟಿದ್ದು? ಅವರು ಸರಿಯಾಗಿ ನೋಡಿಲ್ಲ. ನೀನು ಅಪೀಲ್ ಮಾಡಮ್ಮ. ನಾನು ಈಗ ಹೊರಟು ಬರ್ತೀನಿ. ನಾನು ಅವರ ಹತ್ರ ಮಾತಾಡ್ತೀನಿ."

ಅತ್ತೆ ತೊಡೆಯ ಮೇಲೆ ನಡುಗುತ್ತಿದ್ದ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದರು.

"ಕೊಟ್ಟಿದ್ದು ನಾನೇ ಕಣೋ. ಅಪೀಲಿಗೆ ಅವಕಾಶ ಇಲ್ಲ," ಎಂದರು. "ಆದ್ರೂ ಬಾ."