ಎರಡೂ ಕಡೆ ನೋಡದೆ ಬಿಡುವುದಿಲ್ಲ

ಸ್ಕ್ಯಾನ್ ಕೋಣೆಯಲ್ಲಿ ಏನಾದರೊಂದು ತಮಾಷೆ ಆಗುತ್ತಲೇ ಇರುತ್ತದೆ. ಆಗದ ವಾರವನ್ನು ನಾನು ಕಂಡಿಲ್ಲ. ಎಂಬತ್ತರ ದಶಕದ ಕೊನೆಗೆ, ಬಿ.ಎಸ್ಸಿ. ಮುಗಿಸಿ, ಮೂಡುಬಿದಿರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಅಲ್ಟ್ರಾಸೌಂಡ್ ಯಂತ್ರ ನಡೆಸುವ ಕೆಲಸಕ್ಕೆ ಸೇರಿದೆ. ಊರಿಗೆ ಅದು ‘ಬಸುರಿಯರ ಮೆಷಿನು’. ವಾರಕ್ಕೊಮ್ಮೆ ಮಂಗಳೂರಿನಿಂದ ಬರುತ್ತಿದ್ದ ಎಲುಬು ಡಾಕ್ಟರು ಮಾತ್ರ, “ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಸ್ನಾಯು ಕಾಣುವುದಿಲ್ಲ. ಇದರಲ್ಲಿ ನೋಡುವ” ಎಂದು ಕೈಕಾಲು ನೋವಿನವರನ್ನು ನನ್ನ ಬಳಿ ಕಳಿಸುತ್ತಿದ್ದರು. ನರ್ಸಿಂಗ್ ಹೋಮಿನ ಯಜಮಾನರಾದ ದೊಡ್ಡ ಡಾಕ್ಟರಿಗೆ ಇದು ಆಗುತ್ತಿರಲಿಲ್ಲ. ಅವರಿಗೆ ಆಗದಷ್ಟೂ ನನಗೆ ಹಟ.

ನೀರು

ವಾಮದಪದವಿನಿಂದ ಕಂಬಳದಲ್ಲಿ ಕೋಣ ಓಡಿಸುವ ಯುವಕನೊಬ್ಬ ಬಂದ. ಓಡುವಾಗ ಮೀನಖಂಡದಲ್ಲಿ ‘ಟಪ್’ ಎಂದಿತ್ತಂತೆ. ಪರದೆಯಲ್ಲಿ ಸ್ನಾಯುವಿನ ನಡುವೆ ಕಪ್ಪು ಬಿರುಕು ಸ್ಪಷ್ಟವಾಗಿತ್ತು. ಅವನು ಬೆವರುತ್ತಿದ್ದ.

“ತುಂಬಾ ನೋವುಂಟಾ?”

“ಕಾಲಲ್ಲಿ ಅಲ್ಲ ಅಕ್ಕ. ಬೇಗ ಮುಗಿಸಿ. ಒಂದು ಕೊಡ ನೀರು ಕುಡಿದಿದ್ದೇನೆ.”

ಮೂತ್ರಕೋಶ ತುಂಬಿದ್ದರೆ ಮಗು ಚೆನ್ನಾಗಿ ಕಾಣುತ್ತದೆಂದು ಹೊರಗೆ ನರ್ಸು ಬಸುರಿಯರಿಗೆ ಚೆಂಬು ಚೆಂಬು ನೀರು ಕೊಟ್ಟು, “ಕುಡಿಯಿರಿ, ಒಳಗೆ ಹೋಗುವವರೆಗೆ ತಡ್ಕೊಳ್ಳಿ” ಎನ್ನುತ್ತಿದ್ದಳು. ಸಾಲಿನಲ್ಲಿ ಕೂತ ಇವನೂ ಕುಡಿದಿದ್ದ.

“ನಿಮಗೆ ಯಾಕೆ?”

“ಎಲ್ಲರೂ ಕುಡಿದರು. ನಾನೊಬ್ಬ ಕುಡಿಯದಿದ್ದರೆ ನನ್ನದು ಸರಿ ಬರುವುದಿಲ್ಲ ಅಂತ.”

ಹೋಗಿ ಬನ್ನಿ ಎಂದದ್ದೇ ತಡ, ಹರಿದ ಕಾಲಿನಲ್ಲೇ ಓಡಿದ. ಎದುರಿಗೆ ದೊಡ್ಡ ಡಾಕ್ಟರು.

“ಇವನ ಕಾಲಲ್ಲಿ ಎಂತ ನೋಡುತ್ತಿ ಮಾರಾಯ್ತಿ? ಕಂಬಳದಲ್ಲೂ ಇಷ್ಟು ಓಡಿರಲಿಕ್ಕಿಲ್ಲ!”

ಸರಿ ಇರುವ ಕೈ

ನೋವಿಲ್ಲದ ಕಡೆಯನ್ನೂ ನೋಡಿ ಹೋಲಿಸಬೇಕು. ಇದು ನನ್ನ ನಿಯಮ. ಯಾರಿಗೂ ವಿನಾಯಿತಿ ಇಲ್ಲ. ಕಕ್ಕಿಂಜೆಯಿಂದ ಬೀಡಿ ಕಟ್ಟುವ ಹೆಂಗಸೊಬ್ಬರು ಬಂದರು. ಬಲಗೈ ಹೆಬ್ಬೆರಳ ಬುಡದ ಸ್ನಾಯುರಜ್ಜು ಊದಿತ್ತು.

“ಈಗ ಎಡಗೈ ಕೊಡಿ.”

“ನೋವು ಇದರಲ್ಲಿ. ಅದು ಯಾಕೆ?”

“ಸರಿ ಇದ್ದದ್ದು ಹೇಗಿರುತ್ತದೆ ಅಂತ ಗೊತ್ತಾಗಬೇಕಲ್ಲ.”

“ಮೆಷಿನು ತಾಗಿ ಇದಕ್ಕೂ ಶುರುವಾದರೆ ಬೀಡಿ ಯಾರು ಕಟ್ಟುವುದು, ನೀವಾ?” ಎಡಗೈ ಸೆರಗಿನೊಳಗೆ ಹೋಯಿತು. “ಸರಿ ಇರುವ ಕೈ ಬೇಕಾದರೆ ನಿಮ್ಮದೇ ನೋಡಿ.”

ಬಿಡಲಿಲ್ಲ. ನನ್ನ ಕೈಗೇ ಜೆಲ್ ಹಚ್ಚಿ ಪರದೆಯಲ್ಲಿ ತೋರಿಸಿದೆ. “ನೋಡಿ, ಮೆಷಿನು ತಾಗಿ ಏನಾಯಿತು? ಎಷ್ಟು ನಯವಾಗಿ ಉಂಟು!”

ಅವರು ಪರದೆ ನೋಡಿದರು, ನನ್ನ ಕೈ ನೋಡಿದರು.

“ಹೌದು. ಇದು ಕೆಲಸ ಮಾಡಿದ ಕೈಯೇ ಅಲ್ಲ.”

ಪಾಪ ಅನಿಸಿರಬೇಕು, ಎಡಗೈ ಕೊಟ್ಟರು.

ಎಣ್ಣೆ

ಚರ್ಮಕ್ಕೂ ಅದರ ಮೇಲೆ ಆಡಿಸುವ ಯಂತ್ರದ ಹಿಡಿಗೂ ನಡುವೆ ಗಾಳಿ ಉಳಿದರೆ ಚಿತ್ರ ಬರುವುದಿಲ್ಲ, ಅದಕ್ಕೇ ಜೆಲ್. ಅದು ಖಾಲಿಯಾದ ದಿನ ಬಸ್ ಕಂಡಕ್ಟರೊಬ್ಬ ಭುಜ ಹಿಡಿದುಕೊಂಡು ಬಂದ. ಸಿದ್ಧಕಟ್ಟೆ ಕಡೆಯ ಎಲುಬು ಪಂಡಿತರೊಬ್ಬರ ಬೆಳ್ಳುಳ್ಳಿ ಎಣ್ಣೆಯಲ್ಲಿ ಮಿಂದು ಬಂದ ಹಾಗಿದ್ದ. ಎಣ್ಣೆಯ ಮೇಲೆಯೇ ಹಿಡಿಯಿಟ್ಟು ನೋಡಿದೆ. ಚಿತ್ರ ಚೆನ್ನಾಗಿಯೇ ಬಂತು. ಹಾಗೆಂದು ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

ಸುದ್ದಿ ಅವನ ಬಸ್ಸಿನಲ್ಲೇ ಊರೂರು ತಿರುಗಿತು: ಪಂಡಿತರ ಎಣ್ಣೆ ಹಚ್ಚಿದರೆ ಮಾತ್ರ ಮೆಷಿನಿಗೆ ಕಣ್ಣು ಕಾಣುತ್ತದೆ! ಮರುವಾರ ನೋವಿನವರೆಲ್ಲ ಮೊದಲು ಪಂಡಿತರಲ್ಲಿ ತಿಕ್ಕಿಸಿಕೊಂಡೇ ಬಂದರು.

ದೊಡ್ಡ ಡಾಕ್ಟರು ಮೂಗು ಮುಚ್ಚಿಕೊಂಡು ಬಂದರು. “ಇದು ಆಸ್ಪತ್ರೆಯಾ, ಅಡುಗೆಕೋಣೆಯಾ? ಆ ಎಣ್ಣೆ ಹಚ್ಚುವವರಿಗೆ ಬುದ್ಧಿ ಉಂಟಾ? ಇನ್ನು ಹೊಟ್ಟೆ ಮಾತ್ರ ನೋಡುವುದು. ಕೈಕಾಲು ನೋಡಿದರೆ ನಿನಗೆ ಇಲ್ಲಿ ಕೆಲಸ ಇಲ್ಲ.”

ಕೆಲಸ ಹೋದರೆ ಮನೆಯಲ್ಲಿ ನನ್ನ ಜಾತಕ ಹೊರಗೆ ಬರುವುದು ಖಂಡಿತ. “ಸರಿ ಸರ್” ಎಂದೆ. ಅವರು ಆಚೆ ಹೋದ ಮೇಲೆ ಮುಂದಿನ ಮೊಣಕಾಲನ್ನು ಒಳಗೆ ಕರೆದೆ.

ದೊಡ್ಡ ಡಾಕ್ಟರ ಭುಜ

ಒಂದು ದಿನ ದೊಡ್ಡ ಡಾಕ್ಟರ ಕೈಗೆ ಸಿಕ್ಕಿಬಿದ್ದೆ. ಎಲುಬು ಡಾಕ್ಟರು ಅವತ್ತು ಅಲ್ಲೇ ಇದ್ದರು. “ನಾನೇ ಕಳಿಸಿದ್ದು. ಅವಳನ್ನು ಬೈಯಬೇಡಿ” ಎಂದರು.

“ಹಾಗಾದರೆ ನನ್ನದೇ ನೋಡಲಿ!” ದೊಡ್ಡ ಡಾಕ್ಟರು ಸ್ಟೂಲಿನ ಮೇಲೆ ಕೂತು ಅಂಗಿಯಿಂದ ಬಲಗೈ ಹೊರಗೆ ತೆಗೆದರು. “ಎಂತ ಕಾಣುತ್ತದೆ ಹೇಳು. ಹೇಳದಿದ್ದರೆ ಇವತ್ತೇ ಮನೆಗೆ.”

ಜೆಲ್ ಹಚ್ಚಿದೆ. ಕೈ ಎತ್ತಿಸಿದೆ, ಇಳಿಸಿದೆ. “ಇದು ಸರಿ ಉಂಟು ಸರ್.”

“ಅದನ್ನು ಹೇಳಲಿಕ್ಕೆ ಮೆಷಿನು ಬೇಕಾ?”

“ಈಗ ಎಡಭುಜ ಸರ್.”

“ಅದು ಬೇಡ.”

“ಹೋಲಿಸದೆ ನಾನು ಮುಗಿಸುವುದಿಲ್ಲ.”

“ಬೇಡ ಅಂದೆನಲ್ಲ!”

“ಬೀಡಿ ಕಟ್ಟುವವರಿಗೂ ಇದೇ ನಿಯಮ ಸರ್. ಮನೆಗೆ ಹೋಗುವುದಾದರೂ ಎರಡೂ ಕಡೆ ನೋಡಿಯೇ ಹೋಗುತ್ತೇನೆ.”

“ತೋರಿಸಿ ಮಾರಾಯ್ರೆ,” ಎಂದರು ಎಲುಬು ಡಾಕ್ಟರು, “ಒಂದು ಭುಜ ಅಲ್ವಾ?”

ದೊಡ್ಡ ಡಾಕ್ಟರು ಬಾಗಿಲ ಕಡೆ ನೋಡಿದರು. ಎದ್ದು ಹೋಗಿ ತಾವೇ ಚಿಲಕ ಹಾಕಿ ಬಂದರು. ಅಂಗಿ ಪೂರ್ತಿ ತೆಗೆದರು.

ಕೋಣೆ ತುಂಬ ಬೆಳ್ಳುಳ್ಳಿ ವಾಸನೆ. ಎಡಭುಜ ದೀಪಕ್ಕೆ ಮಿರಮಿರ ಮಿಂಚಿತು. ಎಲುಬು ಡಾಕ್ಟರು ಕೆಮ್ಮಿ ಕಿಟಕಿಯ ಕಡೆ ತಿರುಗಿದರು. ನಾನು ಕೈಯಲ್ಲಿದ್ದ ಬಾಟಲಿಯನ್ನು ಕೆಳಗಿಟ್ಟೆ.

“ಇದಕ್ಕೆ ಜೆಲ್ ಬೇಡ ಸರ್.”

ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು: “ಬೇಗ ನೋಡು. ಹೊರಗೆ ಇನ್ನೂ ಎರಡು ಮೊಣಕಾಲು ಕಾಯುತ್ತಾ ಉಂಟು.”